ಬರಕತ್ತಿನ ಹೊಗೆ

ಗುರುವಾರದ ಬಟ್ಟೆಗೆ ಮೂಗು ಹಚ್ಚಿ ನಿಂತಿದ್ದರು ಕುಮುದ್ ರಸ್ತೋಗಿ.

ಗಯಾದೀನನ ಮಾಳಿಗೆಯ ಮೇಲೆ ಒಂದು ಹಗ್ಗ, ಹಗ್ಗದ ಮೇಲೆ ಆರು ಮಲ್‌ಮಲ್ ಬಟ್ಟೆ. ಶನಿವಾರದಿಂದ ನಿನ್ನೆಯವರೆಗೆ, ದಿನಕ್ಕೊಂದರಂತೆ. ಯಾವುದೂ ಒಗೆದದ್ದಲ್ಲ. ಮಖ್ಖನ್ ಮಲಾಯಿ ಮಾಡುವವರ ಮನೆಯ ರಿವಾಜು ಅದು. ಹಾಲನ್ನು ರಾತ್ರಿಯಿಡೀ ಇಬ್ಬನಿಗೆ ಒಡ್ಡಿ, ನಸುಕಿನಲ್ಲಿ ಕಡೆದು, ಎದ್ದ ನೊರೆಯನ್ನು ಅಗಲ ತಟ್ಟೆಯಂಥ ಪರಾತದಲ್ಲಿ ಎತ್ತರಕ್ಕೆ ಒಟ್ಟಿ ಬೀದಿಗೆ ತರುತ್ತಾರೆ. ಅದರ ಮೇಲೊಂದು ಬಿದಿರಿನ ಬುಟ್ಟಿ, ಬುಟ್ಟಿಯ ಮೇಲೆ ಆ ದಿನದ ಬಟ್ಟೆ. ಶನಿವಾರ ಬಂತೆಂದರೆ ಏಳನ್ನೂ ಒಂದೇ ಹಂಡೆಯಲ್ಲಿ ಸೋಡಾ ಹಾಕಿ ಕುದಿಸುತ್ತಾರೆ. ಏಳನೆಯದು ಈಗ ಕೆಳಗೆ ಗಾಡಿಯ ಮೇಲಿತ್ತು.

"ಮೂಸಿ ಕಳ್ಳನ್ನ ಹಿಡಿಯೋದು ನಾಯಿ ಕೆಲ್ಸ ಅಲ್ವಾ ಬೆಹೆನ್‌ಜಿ?" ಎಂದ ಗಯಾದೀನ.

"ಮೂವತ್ತು ವರ್ಷ ಕಲಬೆರಕೆ ಹಿಡಿಯೋಕೆ ಊರಿನ ಹಾಲೆಲ್ಲ ಮೂಸಿ ಸರ್ಕಾರಿ ಸಂಬಳ ತಗೊಂಡಿದೀನಿ. ನಾಯಿಗೆ ಪೆನ್ಷನ್ ಕೊಡಲ್ಲಪ್ಪ."

ಗಯಾದೀನ ನಕ್ಕ. ಹತ್ತು ದಿನದಲ್ಲಿ ಅವನು ನಕ್ಕದ್ದು ಅದೇ ಮೊದಲು. ಬೆಳಗಿನ ಎಂಟು ಗಂಟೆಗೆ, ಲಖನೌದ ಚಳಿಗಾಲದಲ್ಲಿ, ಮಲಾಯಿ ಮಾರುವವನು ಗಾಡಿ ಬಿಟ್ಟು ಮಾಳಿಗೆ ಮೇಲೆ ನಿಂತು ನಗುತ್ತಿದ್ದಾನೆಂದರೆ ಕೆಳಗೆ ಗಿರಾಕಿಗಳಿಲ್ಲ ಎಂದೇ ಅರ್ಥ.

ಐದು ಬೆಳಗು ಆಗಿಹೋಗಿತ್ತು. ಗಲ್ಲಿಯ ಬಾಯಲ್ಲಿರುವ ಹಳೇ ಕಮಾನಿಗೆ ವರ್ತಕರ ಕಮಿಟಿ ತೂಗುಹಾಕಿದ್ದ, ಗಾಳಿಯ ಕೊಳೆ ಅಳೆಯುವ ಬೋರ್ಡು ಐದು ಬೆಳಗು ನಾನೂರು ದಾಟಿ ಕೆಂಪಗೆ ಉರಿದಿತ್ತು. ಒಂದು ತಿಂಗಳಲ್ಲಿ ಆರು ಬೆಳಗು ಹಾಗಾದರೆ ತೆರೆದ ತಿಂಡಿಗಾಡಿಗಳು ಗಲ್ಲಿ ಬಿಡಬೇಕೆಂದು ಕಮಿಟಿ ಠರಾವು ಮಾಡಿತ್ತು. ಉಳಿದ ಗಾಡಿಯವರು ಮೊದಲೇ ಜಾಗ ಹುಡುಕಿಕೊಂಡು ಹೋಗಿದ್ದರು. ಚಾಟ್ ಎಲ್ಲಿ ಹೋದರೂ ಚಾಟೇ. ಮಲಾಯಿ ಹಾಗಲ್ಲ. ಗಾಡಿ ಇನ್ನೂರು ಹೆಜ್ಜೆ ಅಲುಗಾಡಿದರೆ ನೊರೆ ಕೂತುಬಿಡುತ್ತದೆ. ಮಾಳಿಗೆಯಿಂದ ನಲವತ್ತು ಹೆಜ್ಜೆಯ ಈ ಜಾಗ ಹೋದರೆ ಗಯಾದೀನನ ಕಸುಬೇ ಹೋದಂತೆ. ಅವನ ಅಜ್ಜನೂ ಇಲ್ಲೇ ನಿಂತು ಮಾರಿದ್ದ.

"ಈ ಆರನ್ನೂ ನೋಡು. ಯಾವುದು ಜಾಸ್ತಿ ಕೊಳೆ?" ಎಂದರು ಕುಮುದ್.

ಗಯಾದೀನ ಒಂದೊಂದನ್ನೂ ಬೆಳಕಿಗೆ ಹಿಡಿದ. ಎಲ್ಲ ಒಂದೇ ಬೂದಿ ಬಣ್ಣ.

"ಎಲ್ಲಾ ಒಂದೇ."

"ಈ ವಾರ ಸೋಮವಾರ, ಮಂಗಳವಾರ, ಗುರುವಾರ, ಮೂರು ದಿನ ಕೆಂಪು. ಬುಧವಾರ ಇನ್ನೂರು ಚಿಲ್ಲರೆ. ಗಾಳಿ ಎರಡು ಪಟ್ಟು ಕೆಟ್ಟಿದ್ರೆ ಬಟ್ಟೆ ಸುಮ್ನಿರ್ತಿತ್ತಾ?"

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಬೋರ್ಡು ಕೆಟ್ಟಿಲ್ಲ ಎಂದು ರಿಪೇರಿಯವನು ಹೋದ ವಾರವೇ ಬಿಚ್ಚಿ ನೋಡಿ ಹೇಳಿದ್ದ. ಬಟ್ಟೆಯೂ ಸುಳ್ಳು ಹೇಳುವಂಥದ್ದಲ್ಲ. ಎರಡೂ ನಿಜವೇ ಆದರೆ ಕೆಟ್ಟ ಗಾಳಿ ಇದ್ದದ್ದು ಗಲ್ಲಿಯಲ್ಲಲ್ಲ, ಬೋರ್ಡಿನ ಮೂಗಿನ ಹತ್ತಿರ ಮಾತ್ರ. ಯಾರೋ ಅದಕ್ಕೆ ಹೊಗೆ ಹಿಡಿದಿದ್ದಾರೆ.

ಕುಮುದ್ ಮತ್ತೆ ಹಗ್ಗದುದ್ದಕ್ಕೂ ಮೂಸುತ್ತ ಹೋದರು. ಶನಿವಾರ, ಭಾನುವಾರದ ಬಟ್ಟೆಗಳಲ್ಲಿ ಹಾಲು, ಕೇಸರಿ. ಸೋಮವಾರ, ಮಂಗಳವಾರದವುಗಳಲ್ಲಿ ಸುಟ್ಟ ತುಪ್ಪ, ಲವಂಗ. ತಿನ್ನುವವರ ಊರಿನಲ್ಲಿ ತುಪ್ಪ ಲವಂಗ ಬಿಟ್ಟು ಇನ್ನೇನು ವಾಸನೆ ಬಂದೀತು ಎಂದುಕೊಂಡು ಮುಂದೆ ನಡೆದರು. ಬುಧವಾರದ್ದರಲ್ಲಿ ಮತ್ತೆ ಹಾಲು, ಕೇಸರಿ. ಗುರುವಾರದ್ದರಲ್ಲಿ, ಅದೂ ಕಮಾನಿನ ಕಡೆಗಿದ್ದ ಅರ್ಧದಲ್ಲಿ ಮಾತ್ರ, ಮೂಗಿಗೆ ರಪ್ಪನೆ ಬಡಿಯುವ ಲೋಬಾನ ಧೂಪದ ವಾಸನೆ.

"ಲೋಬಾನ ದಿನಾ ಹಾಕ್ತಾರಲ್ಲ," ಎಂದ ಗಯಾದೀನ. "ಬಾಬಾ ಅಂಗಡಿ ಅಂಗಡಿಗೂ ಹೊಗೆ ತೋರ್ಸ್ಕೊಂಡು ಹೋಗ್ತಾರೆ. ಅದ್ರಲ್ಲೇನಿದೆ?"

"ದಿನಾ ಬರೋ ವಾಸನೆ ಅಂತಾನೇ ಯಾರ ಮೂಗಿಗೂ ತಟ್ಟಿಲ್ಲ. ಬಾಬಾ ನಡ್ಕೊಂಡು ಹೋದ್ರೆ ಇಷ್ಟು ಹಿಡಿಯಲ್ಲ ಗಯಾದೀನ್. ಒಂದೇ ಕಡೆ ನಿಂತಿದ್ರೆ ಹಿಡಿಯತ್ತೆ."

ಗುರುವಾರದ ಬಟ್ಟೆಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು ಅವರು ಮೆಟ್ಟಿಲಿಳಿದರು.

ಗಲ್ಲಿ ತಣ್ಣಗಿತ್ತು. ಮೊದಲಾದರೆ ಈ ಹೊತ್ತಿಗೆ ಮೊಣಕೈಯಲ್ಲಿ ತಳ್ಳಿಕೊಂಡು ಹೋಗಬೇಕಿತ್ತು. ಈಗ ಗಿರಾಕಿಗಳು ಕಮಾನಿನವರೆಗೆ ಬರುತ್ತಾರೆ, ಕತ್ತೆತ್ತಿ ಬೋರ್ಡು ನೋಡುತ್ತಾರೆ, ಫೋನಿನಲ್ಲಿ ಅದರ ಫೋಟೋ ಹಿಡಿದು ನೆಂಟರಿಗೆಲ್ಲ ಕಳಿಸುತ್ತಾರೆ, ಹಾಗೇ ಹಿಂದಿರುಗುತ್ತಾರೆ. ಒಂದು ಫೋಟೋ ಹೋಯಿತೆಂದರೆ ಹತ್ತು ಮನೆಯವರು ಆ ದಿನ ಈ ಕಡೆ ತಲೆ ಹಾಕುವುದಿಲ್ಲ. ಬಳೆಯವಳು ಬಳೆ ಒರೆಸಿದ್ದೇ ಒರೆಸಿದ್ದು. ಚಿಕನ್ ಕಸೂತಿಯ ಅಂಗಡಿಯವನು ಬಿಳಿ ಕುರ್ತಾಗಳನ್ನೆಲ್ಲ ಒಳಗಿಟ್ಟು ಬಣ್ಣದವನ್ನು ಹೊರಗೆ ತೂಗುಹಾಕಿದ್ದ, ಬಿಳಿ ಕಂಡರೆ ಜನಕ್ಕೆ ಧೂಳು ನೆನಪಾಗುತ್ತದಂತೆ.

ಎಲ್ಲರಿಗಿಂತ ಕಷ್ಟ ಅತ್ತರಿನ ಸಫ್ದರ್ ಭಾಯಿಯದು. ಕಮಾನಿಗೆ ಅಂಟಿಕೊಂಡೇ ಅವನ ಅಂಗಡಿ, ನಾಲ್ಕು ತಲೆಮಾರಿನದು.

"ಮೂಗು ಮುಚ್ಕೊಂಡು ಬರೋರಿಗೆ ಅತ್ತರು ಹ್ಯಾಗೆ ಮಾರ್ಲಿ ಬೆಹೆನ್‌ಜಿ? ಮಾಸ್ಕ್ ಮೇಲೆ ಹಚ್ಚಿ ಕಳಿಸ್ಲಾ?"

ವ್ಯಾಪಾರ ಎಲ್ಲಿ ಹೋಯಿತೆಂದು ಕೇಳಬೇಕಾಗಿರಲಿಲ್ಲ. ಎದುರಿಗೇ ವಕಾರ್ ಮಿರ್ಜಾ ಅವರ ಗಾಜಿನ ಬಾಗಿಲಿನ ಹೋಟೆಲು. ಬಾಗಿಲಿನ ಮೇಲೆ ದೊಡ್ಡಕ್ಷರದಲ್ಲಿ 'ಹೊರಗೆ ಎಷ್ಟೇ ಇರಲಿ, ಒಳಗೆ ನಲವತ್ತು' ಎಂದು ಬರೆಸಿದ್ದರು. ಒಳಗೆ ಗಾಳಿ ಸೋಸುವ ಯಂತ್ರಗಳು ಗುಂಯ್‌ಗುಡುತ್ತಿದ್ದವು. ಬೋರ್ಡು ಕೆಂಪಾದ ದಿನ ಅಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲ. ಕಮಿಟಿಯ ಕಾರ್ಯದರ್ಶಿಯೂ ಅವರೇ, ಠರಾವು ಬರೆದವರೂ ಅವರೇ.

ಸಫ್ದರ್ ಸಣ್ಣ ದನಿಯಲ್ಲಿ ಸೇರಿಸಿದ. ಅಲ್ಲಿನ ಇದ್ದಿಲೇ ಇಲ್ಲದ ಕಬಾಬು ಸಪ್ಪೆ ಎಂದು ಮೊದಲು ಜನ ಮೂಗು ಮುರಿಯುತ್ತಿದ್ದರಂತೆ. ಈ ವಾರ ಅದು ಹೇಗೋ ಹದ ಬಂದಿದೆ, ನಾಲಿಗೆಗೆ ಹೊಗೆ ಹತ್ತುತ್ತಿದೆ ಎಂದು ಹೊಗಳುತ್ತಿದ್ದಾರಂತೆ. ಹೊಟ್ಟೆಕಿಚ್ಚಿನ ಮಾತೆಂದು ಕುಮುದ್ ಅದನ್ನು ಅಲ್ಲೇ ಬಿಟ್ಟರು.

ಮಾತು ಮುಗಿಯುವ ಮೊದಲೇ ಮಿರ್ಜಾ ಸ್ವತಃ ಚಹಾದ ಲೋಟ ಹಿಡಿದು ಬಂದು ಸಫ್ದರನ ಕಟ್ಟೆಯ ಮೇಲೆ ಕೂತರು. ಕೂತಲ್ಲಿಂದಲೇ ಕುಮುದ್ ಅವರಿಗೆ ಬಾಗಿ ನಮಸ್ಕರಿಸಿದರು. ಕಂಕುಳಲ್ಲಿ ದೊಣ್ಣೆ, ಕೈಯಲ್ಲಿ ಶರಣಾರ್ಥಿ ಎಂದು ಕುಮುದ್ ಮನಸ್ಸಿನಲ್ಲೇ ಅಂದುಕೊಂಡರು.

"ನನ್ ಮೇಲೆ ಅನುಮಾನ ಇದ್ಯಂತೆ ಬೆಹೆನ್‌ಜಿಗೆ. ಇರ್ಲಿ. ಗಾಳಿ ಕೆಟ್ಟಾಗ ನನಗೆ ಲಾಭ, ಸುಳ್ಳ್ಯಾಕೆ ಹೇಳ್ಲಿ? ಆದ್ರೆ ನಮ್ಮಲ್ಲಿ ಬೆಂಕಿಕಡ್ಡಿ ಗೀರೋಕೂ ಬಿಡಲ್ಲ. ಒಲೆ, ಕಾವಲಿ ಎಲ್ಲಾ ಕರೆಂಟಿಂದು. ಬಂದು ನೋಡಿ."

"ಬೇಡ ಮಿರ್ಜಾ ಸಾಹೇಬ್ರೇ. ನಿಮ್ಮ ಅಡುಗೆಮನೆ ಮೊನ್ನೆನೇ ನೋಡಿದೀನಿ. ನೀವು ಇರದಾಗ."

ಮಿರ್ಜಾ ಅವರ ಹುಬ್ಬು ಮೇಲೇರಿತು, ನಗು ಮಾತ್ರ ಇದ್ದಲ್ಲೇ ಇತ್ತು. ಅಡುಗೆಮನೆಯಲ್ಲಿ ನಿಜಕ್ಕೂ ಕಿಡಿ ಬೆಂಕಿಯೂ ಇರಲಿಲ್ಲ. ಅದೇ ಕುಮುದ್ ಅವರನ್ನು ಎರಡು ದಿನದಿಂದ ಕೊರೆಯುತ್ತಿದ್ದ ಸಂಗತಿ.

ಅಷ್ಟರಲ್ಲಿ ಗಲ್ಲಿಯ ತುದಿಯಿಂದ ಘಸೀಟೆ ಬಾಬಾ ಬಂದರು. ಹಸಿರು ರುಮಾಲು, ಎಡಗೈಯಲ್ಲಿ ಸರಪಳಿಯ ಧೂಪದಾನಿ, ಬಲಗೈಯಲ್ಲಿ ನವಿಲುಗರಿ. ಬಳೆಯವಳ ಗಲ್ಲಾಪೆಟ್ಟಿಗೆಯ ಮುಂದೆ ಒಂದು ಬೀಸು, ಕುರ್ತಾದವನ ಹೊಸ್ತಿಲಿಗೆ ಒಂದು ಬೀಸು. ಎಲ್ಲಿಯೂ ನಿಲ್ಲುವುದಿಲ್ಲ. ಬರಕತ್ತು, ಅಂದರೆ ಏಳಿಗೆಯ ಆಶೀರ್ವಾದ, ಹಂಚುವವರು ನಿಂತರೆ ಮುಂದಿನ ಅಂಗಡಿಯವನಿಗೆ ಕಡಿಮೆಯಾಗುತ್ತದೆ ಎನ್ನುವುದು ಅವರ ಮಾತು.

ಕುಮುದ್ ಬಾಬಾ ಅವರನ್ನು ಗಯಾದೀನನ ಗಾಡಿಯ ಹತ್ತಿರ ಕರೆದರು. ಬೋರ್ಡಿನ ಕೆಳಗೆ ಕಮಾನಿನಲ್ಲಿ ನಿಂತದ್ದುಂಟೇ ಎಂದು ನೇರವಾಗಿ ಕೇಳಿದರು.

"ನಿಂತಿದೀನಿ. ಕಾಲು ಗಂಟೆ. ನಿನ್ನೆನೂ."

"ಯಾರು ನಿಲ್ಲಿಸಿದ್ದು?"

"ಬರಕತ್ ಕೇಳಿದೋರ ಹೆಸ್ರು ಬಾಯಿಬಿಡೋದು ನಮ್ಮಲ್ಲಿಲ್ಲ ಬಿಟಿಯಾ. ಅವರಿಗೂ ದೇವರಿಗೂ ಇರೋ ಮಾತು ಅದು."

ಅರವತ್ತು ದಾಟಿದ ಕುಮುದ್ ಅವರನ್ನು ಬಿಟಿಯಾ, ಮಗಳೇ ಎನ್ನುವವರು ಊರಲ್ಲಿ ಅವರೊಬ್ಬರೇ ಉಳಿದಿದ್ದರು. ಕುಮುದ್ ದನಿ ಏರಿಸಲಿಲ್ಲ. ಚೀಲದಿಂದ ಬಟ್ಟೆ ತೆಗೆದು ಅವರ ಮೂಗಿನ ಮುಂದೆ ಹಿಡಿದರು. ಬೋರ್ಡಿನ ತಳದ ಸಣ್ಣ ತೂತುಗಳನ್ನು ತೋರಿಸಿದರು. ಅದು ಅಲ್ಲಿಂದಲೇ ಉಸಿರೆಳೆದುಕೊಳ್ಳುತ್ತದೆ, ಒಂದೆರಡು ನಿಮಿಷಕ್ಕೊಮ್ಮೆ ಎಣಿಸಿ ಅಂಕಿ ತೋರಿಸುತ್ತದೆ, ಕಮಾನಿನೊಳಗೆ ಎದ್ದ ಹೊಗೆಗೆ ಹೊರಗೆ ಹೋಗಲು ದಾರಿಯಿಲ್ಲ. ಅಂಕಿ ನಾನೂರು ದಾಟಿದರೆ ಜನ ಹಿಂದಿರುಗುತ್ತಾರೆ. ಆರನೇ ಸಲ ದಾಟಿದರೆ ಈ ಗಾಡಿ ಹೋಗುತ್ತದೆ.

ಬಾಬಾ ಬಟ್ಟೆಗೆ ಮೂಗು ತಾಗಿಸಿ ಮೂಸಿದರು.

"ಅಂದ್ರೆ ನನ್ ಹೊಗೆಯಿಂದ ಈ ಬೀದಿ ಅನ್ನ ಹೋಯ್ತು ಅಂತೀಯಾ?"

"ನಿಮ್ಮ ತಪ್ಪಲ್ಲ. ಗೊತ್ತಿರ್ಲಿಲ್ಲ."

ಅವರು ಗಾಡಿಯ ಕೆಳಗಿದ್ದ ನೀರಿನ ಹೂಜಿ ಎತ್ತಿ ಧೂಪದಾನಿಗೆ ಸುರಿದರು. ಕೆಂಡ ಚುಂಯ್ ಎಂದು ಸತ್ತಿತು. ನಲವತ್ತು ವರ್ಷದಲ್ಲಿ ಬೆಳಗಿನ ಹೊತ್ತು ಬಾಬಾನ ಕೆಂಡ ಆರಿದ್ದನ್ನು ಗಲ್ಲಿ ನೋಡಿರಲಿಲ್ಲ. ಬಳೆಯವಳು ಎದ್ದು ನಿಂತಳು.

"ಕೇಳಿದೋಳು ಅಲ್ಲಿ ಬರ್ತಿದಾಳೆ," ಎಂದರು ಬಾಬಾ. "ಅವಳೇ ಹೇಳ್ಲಿ."

ಮನೆಯ ಬಾಗಿಲಿನಿಂದ ಎಲೆದೊನ್ನೆಗಳ ಕಟ್ಟು ಹಿಡಿದು ಬರುತ್ತಿದ್ದವಳು ಫೂಲ್‌ಮತಿ, ಗಯಾದೀನನ ಹೆಂಡತಿ.

ಅವಳು ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡಬೇಕಾದ್ದು ಏನಾದರೂ ಇದೆ ಎಂದೇ ಅವಳಿಗೆ ಅನ್ನಿಸಿರಲಿಲ್ಲ. ಬೋರ್ಡು ಬಂದ ಮೇಲೆ ಗಿರಾಕಿ ಇಳಿದರು. ದೃಷ್ಟಿಯಾಗಿದೆ ಎಂದು ಹೋದ ವಾರದ ಮಂಗಳವಾರ ಬಾಬಾನಿಂದ ಕಮಾನಿನಲ್ಲಿ ಲೋಬಾನ ಹಾಕಿಸಿದಳು. ಆ ದಿನ ವ್ಯಾಪಾರ ಇನ್ನೂ ಬಿತ್ತು. ದೃಷ್ಟಿ ಜೋರಾಗಿಯೇ ತಾಗಿದೆ ಎಂದುಕೊಂಡು ಶುಕ್ರವಾರ ಇನ್ನಷ್ಟು ಹಾಕಿಸಿದಳು. ನಿನ್ನೆ ಗುರುವಾರ, ಒಳ್ಳೆಯ ದಿನ ಎಂದು ಎರಡು ಬೊಗಸೆ. ಕಾಯಿಲೆಗೆ ಕೊಟ್ಟ ಮದ್ದೇ ಕಾಯಿಲೆಯಾಗಿತ್ತು, ಅವಳು ಮದ್ದು ಹೆಚ್ಚಿಸುತ್ತಲೇ ಹೋಗಿದ್ದಳು.

ಗಯಾದೀನ ಹೆಂಡತಿಯ ಮುಖ ನೋಡಿದ.

"ಅಂಗಡಿ ಮುಂದೆ ಹಾಕ್ಸೋದು ಬಿಟ್ಟು ಕಮಾನಿನ ಕೆಳಗೇ ಯಾಕೆ ನಿಲ್ಸಿದೆ ಫೂಲ್‌ಮತಿ?" ಎಂದು ಕುಮುದ್ ಕೇಳಿದರು. "ಆ ಜಾಗ ನಿನಗೆ ಯಾರು ಹೇಳ್ಕೊಟ್ಟಿದ್ದು?"

ಫೂಲ್‌ಮತಿ ಅಚ್ಚರಿಯಿಂದ ಅವರನ್ನು ನೋಡಿದಳು.

"ನೀವೇ ಅಲ್ವಾ ಬೆಹೆನ್‌ಜಿ?"

ಕುಮುದ್ ಕೈಯಲ್ಲಿದ್ದ ಬಟ್ಟೆಯನ್ನು ಮಡಿಚಿದರು.

ನೆನಪಾಯಿತು. ಅದರ ಹಿಂದಿನ ದಿನ ಸೋಮವಾರ. ಇದೇ ಗಾಡಿಯ ಪಕ್ಕ ನಿಂತು ದೊನ್ನೆ ನೆಕ್ಕುತ್ತ ಅವರೇ ಅಂದಿದ್ದರು. ನಿನ್ನ ಗಾಡಿ ಮೇಲೆ ಆ ಬೋರ್ಡಿನ ಕಣ್ಣು ಬಿದ್ದಿದೆ ಕಣೇ, ಬಾಬಾನ್ನ ಅದರ ಬುಡಕ್ಕೇ ನಿಲ್ಸಿ ಒಂದು ಬೊಗಸೆ ಲೋಬಾನ ಹಾಕ್ಸು, ಕಣ್ಣುರಿದು ಮುಚ್ಕೊಳ್ಳಲಿ. ಗಯಾದೀನ ನಕ್ಕಿದ್ದ. ಸಫ್ದರನೂ ನಕ್ಕಿದ್ದ. ಫೂಲ್‌ಮತಿ ನಕ್ಕಿರಲಿಲ್ಲ. ಮೂವತ್ತು ವರ್ಷ ಸರ್ಕಾರಿ ಕೆಲಸ ಮಾಡಿದ, ಓದಿದ ಹೆಂಗಸು ಹೇಳಿದ ಮಾತು ಎಂದು ಅವಳು ಮನಸ್ಸಿಗೆ ತೆಗೆದುಕೊಂಡಿದ್ದಳು.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಒಂದು ವಾರ ಊರೆಲ್ಲ ಹುಡುಕಿದ್ದರು ಕುಮುದ್. ಅವರಿಗೆ ನಾಚಿಕೆಯಾಯಿತು. ಕಟ್ಟೆಯ ಮೇಲೆ ಕೂತ ಮಿರ್ಜಾ ಅವರಿಗೆ ಎಲ್ಲ ಕೇಳಿಸಿತ್ತು. ಅವರು ಚಹಾ ಊದುತ್ತ ಸಭ್ಯವಾಗಿ ಬೇರೆ ಕಡೆ ನೋಡುತ್ತಿದ್ದರು. ಅದು ಇನ್ನೂ ಕಷ್ಟವಾಗಿತ್ತು.

"ತಪ್ಪು ನಂದು ಗಯಾದೀನ್," ಎಂದರು ಕುಮುದ್. "ನಾಳೆ ಕಮಿಟಿ ಮುಂದೆ ಅದನ್ನ ನಾನೇ ಹೇಳ್ತೀನಿ."

ಗಯಾದೀನ ಬುಟ್ಟಿ ಎತ್ತಿ, ಒಂದು ದೊನ್ನೆಗೆ ಮಲಾಯಿ ತುಂಬಿ, ಮೇಲೆ ಪಿಸ್ತಾ ಉದುರಿಸಿ, ಅದನ್ನು ಹೆಂಡತಿಯ ಕೈಗೆ ಕೊಟ್ಟ. ಅವಳ ಕಣ್ಣು ತುಂಬಿತ್ತು.

"ಆಗಿದ್ದಾಯ್ತು," ಎಂದ. "ಇನ್ಮೇಲೆ ಹೊಗೆ ಇಲ್ಲ. ಆರನೇ ದಿನ ಬರಲ್ಲ. ನಂಗೆ ಅಷ್ಟೇ ಬೇಕಾಗಿದ್ದು."

ಬೋರ್ಡು ಇನ್ನೂರ ಮೂವತ್ತೆಂಟು ತೋರಿಸುತ್ತಿತ್ತು. ಕಮಾನಿನ ಆಚೆ ಇಬ್ಬರು ಹೆಂಗಸರು ನಿಂತು ಅದನ್ನು ಓದಿದರು, ತಮ್ಮಲ್ಲೇ ಏನೋ ಮಾತಾಡಿಕೊಂಡರು, ಮಾಸ್ಕ್ ಕೆಳಗೆ ಜಾರಿಸಿ ಗಾಡಿಯ ಕಡೆ ಬಂದರು. ನಾಲ್ಕು ದೊನ್ನೆ ಕೊಡಿ, ಎರಡು ಮನೆಗೆ ಎಂದರು. ಗಯಾದೀನನ ಕೈ ಚುರುಕಾಯಿತು. ಅವನ ಹಳೆಯ ಕೂಗು, ಇಬ್ಬನಿ ತಿನ್ನಿ, ಇಬ್ಬನಿ ತಿನ್ನಿ ಎನ್ನುವ ಕೂಗು, ಎರಡು ವಾರದ ಮೇಲೆ ಗಲ್ಲಿಯಲ್ಲಿ ಕೇಳಿಸಿತು.

ಬಾಬಾ ಒದ್ದೆ ಧೂಪದಾನಿಯನ್ನು ಮಗ್ಗುಲಿಗಿಟ್ಟು ಬೆರಳು ಮಡಚುತ್ತಿದ್ದರು.

"ಬಿಟಿಯಾ, ಎಷ್ಟು ದಿನ ಕೆಂಪಾಯ್ತು ಅಂದೆ?"

"ಐದು."

"ನಾನು ನಿಂತಿದ್ದು ಮೂರು. ಹೋದ ವಾರ ಮಂಗಳವಾರ, ಶುಕ್ರವಾರ, ಆಮೇಲೆ ನಿನ್ನೆ. ಈ ಸೋಮವಾರ ಮಂಗಳವಾರ ನಾನು ಊರಲ್ಲೇ ಇರ್ಲಿಲ್ಲ. ದೇವಾ ಊರಿನ ದರ್ಗಾಕ್ಕೆ ಹೋಗಿದ್ದೆ. ಬುಧವಾರ ಸಂಜೆ ಬಸ್ಸಿಗೆ ಬಂದೆ."

ಸೋಮವಾರ, ಮಂಗಳವಾರ. ಹಗ್ಗದ ಮೇಲಿನ ಮೂರನೆಯ ಮತ್ತು ನಾಲ್ಕನೆಯ ಬಟ್ಟೆ. ಸುಟ್ಟ ತುಪ್ಪ, ಲವಂಗ. ಮೂಸಿಯೂ ದಾಟಿ ಬಂದಿದ್ದರು ಕುಮುದ್. ಫೂಲ್‌ಮತಿಯ ಹೊಗೆ ಬೋರ್ಡಿಗೆ ಏನು ಮಾಡುತ್ತದೆಂದು ಇನ್ನೊಬ್ಬರು ನೋಡಿ ಕಲಿತಿದ್ದರು.

ಕುಮುದ್ ಕತ್ತೆತ್ತಿದರು. ಬೋರ್ಡು ಒಮ್ಮೆ ಮಿಣುಕಿ ಅಂಕಿ ಬದಲಿಸಿತು. ಮುನ್ನೂರ ಅರವತ್ತೆರಡು.

ಗಯಾದೀನನ ಕೂಗು ಅರ್ಧಕ್ಕೆ ನಿಂತಿತು.

ಕುಮುದ್ ಒಬ್ಬೊಬ್ಬರನ್ನೇ ನೋಡಿದರು. ಬಾಬಾ ಎದುರಿಗೇ ಇದ್ದರು, ಧೂಪದಾನಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಫೂಲ್‌ಮತಿಯ ಎರಡೂ ಕೈಯಲ್ಲಿ ದೊನ್ನೆ. ಸಫ್ದರ್ ಗಲ್ಲಾಪೆಟ್ಟಿಗೆಯ ಹಿಂದೆ. ಮಿರ್ಜಾ ಕಟ್ಟೆಯ ಮೇಲೆ, ಚಹಾ ಇನ್ನೂ ಅರ್ಧ ಲೋಟ. ಕಮಾನಿನ ಕೆಳಗೆ ಒಂದು ನರಪಿಳ್ಳೆಯೂ ಇರಲಿಲ್ಲ.

ಆಗ ವಾಸನೆ ಬಂತು. ಬಿಸಿ ಇದ್ದಿಲಿನ ಮೇಲೆ ತುಪ್ಪ ಹನಿಸಿ ಲವಂಗ ಉದುರಿಸಿದ ವಾಸನೆ. ಈ ಊರಿನ ಬಾಣಸಿಗರು ಮಾಂಸಕ್ಕೆ ಹೊಗೆ ಹಿಡಿಸುವುದು ಹಾಗೆಯೇ. ಅದು ಬೀದಿಯಿಂದ ಬರುತ್ತಿರಲಿಲ್ಲ, ಮೇಲಿನಿಂದ ಇಳಿಯುತ್ತಿತ್ತು.

ಕಮಾನಿನ ನೆತ್ತಿಯ ಮೇಲೆ, ಹಿಂದೆ ನಗಾರಿ ಬಾರಿಸುತ್ತಿದ್ದ ಪುಟ್ಟ ಕೋಣೆಯಿತ್ತು. ಸಫ್ದರನ ಅಜ್ಜನ ಕಾಲದಿಂದ ಮುಚ್ಚಿದ್ದು, ಪಾರಿವಾಳ ಬಿಟ್ಟರೆ ಯಾರೂ ಹೋಗುವುದಿಲ್ಲ ಎಂದು ಎಲ್ಲರೂ ಹೇಳಿದ್ದ ಕೋಣೆ. ಅದರ ನೆಲದ ಬಿರುಕಿನಿಂದ ನೂಲಿನಂಥ ಹೊಗೆ ಇಳಿದು ಬೋರ್ಡಿನ ತಳವನ್ನು ಸವರುತ್ತಿತ್ತು. ಒಂದು ಪಾರಿವಾಳವೂ ಇವತ್ತು ಅಲ್ಲಿರಲಿಲ್ಲ.

ಕುಮುದ್ ಮಿರ್ಜಾ ಅವರ ಕಡೆ ತಿರುಗಿದರು. ಮಿರ್ಜಾ ಕೂಡ ಮೇಲೆಯೇ ನೋಡುತ್ತಿದ್ದರು. ಮುಖದ ನಗು ಹೋಗಿತ್ತು. ಅದು ಸಿಕ್ಕಿಬಿದ್ದವನ ಮುಖವೋ, ಈಗಷ್ಟೇ ತಿಳಿದವನ ಮುಖವೋ, ಮೂವತ್ತು ವರ್ಷ ಕಲಬೆರಕೆ ಹಿಡಿದ ಕುಮುದ್ ಅವರಿಗೂ ಗೊತ್ತಾಗಲಿಲ್ಲ.

ನಾನೂರ ಹನ್ನೊಂದು. ಬೋರ್ಡು ಕೆಂಪಾಯಿತು. ಇಬ್ಬರು ಹೆಂಗಸರೂ ಮಾಸ್ಕ್ ಏರಿಸಿ, ದೊನ್ನೆಗಳನ್ನು ಗಾಡಿಯ ಮೇಲೆಯೇ ಬಿಟ್ಟು ಹೊರಟರು. ಗಯಾದೀನ ಬುಟ್ಟಿಯ ಮೇಲೆ ಬಟ್ಟೆ ಎಳೆದು, ಬಗ್ಗಿ, ಚಕ್ರಕ್ಕೆ ಕೊಟ್ಟಿದ್ದ ಕಲ್ಲು ತೆಗೆದ.

ಕುಮುದ್ ಕಮಾನಿನ ಪಕ್ಕದ ಕಿರುಮೆಟ್ಟಿಲನ್ನು ಅವಸರದಲ್ಲಿ ಹತ್ತಿದರು. ಹದಿನೇಳನೆಯ ಮೆಟ್ಟಿಲಿಗೆ ಬಾಗಿಲು ಸಿಕ್ಕಿತು. ಚಿಲಕಕ್ಕೆ ಹೊಸ ಹಿತ್ತಾಳೆ ಬೀಗ ಹೊರಗಿನಿಂದಲೇ ಬಿದ್ದಿತ್ತು. ಒಳಗೆ ಯಾರೋ ಕೆಮ್ಮುತ್ತಿದ್ದರು.